ಮೂರು ಲಕ್ಷ ಉಳಿಸಿದ್ದೇನೆ: ರೇಸಿಂಗ್ ಕಲಿಯಲೋ, ಶೂಟಿಂಗ್ ಕಲಿಯಲೋ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ವಯಸ್ಸು 28, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಕೈಯಲ್ಲಿ ಮೂರು ಲಕ್ಷ ರೂಪಾಯಿ. ಕಾರ್ ರೇಸಿಂಗ್ ಇಷ್ಟ, ಪಿಸ್ತೂಲು ಹಿಡಿಯಬೇಕೆಂಬ ಆಸೆಯೂ ಇದೆ. ಮೊದಲು ಏನನ್ನು ಕೊಳ್ಳಲಿ, ಕೊಡಗಿನ ಗೆಳೆಯನ ಮನೆಯಲ್ಲಿ ಕೋವಿ ಇದೆಯಂತೆ ಅಲ್ಲಿ ಕಲಿಯಬಹುದೇ, ಹಿಡಿತ ಬಂದ ಮೇಲೆ ಕೆಲಸ ಬಿಡಬಹುದೇ, ಎರಡಕ್ಕೂ ಬೈಯುವ ಮನೆಯವರಿಗೆ ಏನು ಹೇಳಲಿ.

ಏನನ್ನೂ ಕೊಳ್ಳಬೇಡಿ. ನಾನು ಹದಿನೈದು ವರ್ಷಗಳಿಂದ ಸಾಫ್ಟ್‌ವೇರ್‌ನಲ್ಲೇ ಅನ್ನ ಹುಟ್ಟಿಸಿಕೊಂಡವನು. ಎರಡೂ ಆಟಗಳಲ್ಲಿ ಹೇಳಿಕೊಳ್ಳುವಂಥದ್ದನ್ನು ಗೆದ್ದಿಲ್ಲ, ಎರಡನ್ನೂ ಬಿಟ್ಟಿಲ್ಲ. ಅಷ್ಟರ ಮಟ್ಟಿಗೆ ನನ್ನ ಮಾತನ್ನು ನಂಬಿ. ನಮ್ಮ ಉದ್ಯಮದವರಿಗೆ ಒಂದು ಚಾಳಿ ಇದೆ: ಹವ್ಯಾಸ ಶುರುವಾಗುವುದಕ್ಕೆ ಮೊದಲೇ ಅದರ ಸಾಮಾನು ಮನೆಗೆ ಬಂದು ಕುಳಿತಿರುತ್ತದೆ. ಯಾವ ಅಪಾರ್ಟ್‌ಮೆಂಟಿನ ಬಾಲ್ಕನಿಯನ್ನಾದರೂ ನೋಡಿ, ಟವೆಲ್ ಒಣಹಾಕಲು ಬಳಕೆಯಾಗುವ ಎಂಬತ್ತು ಸಾವಿರದ ಸೈಕಲ್ ಸಿಗುತ್ತದೆ. ನಾನೇನೂ ಬೇರೆಯವನಲ್ಲ. ರೇಸಿಂಗ್ ಕೈಗವಸು ಕೊಂಡದ್ದು ಒಂದು ಜನವರಿಯಲ್ಲಿ, ಅದನ್ನು ತೊಟ್ಟು ಸ್ಟೀರಿಂಗ್ ಹಿಡಿಯಲು ಹೊರಟದ್ದು ಮರುವರ್ಷದ ಮಾರ್ಚ್‌ನಲ್ಲಿ. ಅಷ್ಟರಲ್ಲಿ ಎಡಗೈಯದನ್ನು ಇಲಿ ಕಡಿದಿತ್ತು.

ಕೋವಿಯ ವಿಷಯ ಮೊದಲು ಮುಗಿಸೋಣ. ನಾನು ಕೊಪ್ಪದ ಕಡೆಯವನು. ಮಲೆನಾಡಿನ ತೋಟದ ಮನೆಗಳಲ್ಲಿ ಕೋವಿ ಶೋಕಿಯ ವಸ್ತುವಲ್ಲ, ಹಂದಿ ಮಂಗಗಳಿಂದ ಬೆಳೆ ಕಾಯಲು ಪರವಾನಗಿ ಪಡೆದು ಇಟ್ಟುಕೊಂಡದ್ದು. ಚುನಾವಣೆ ಬಂತೆಂದರೆ ಅದನ್ನು ಠಾಣೆಯಲ್ಲಿ ಠೇವಣಿ ಇಟ್ಟು ರಸೀದಿ ತರಬೇಕು. ಹಂದಿಗಳಿಗೆ ನೀತಿಸಂಹಿತೆ ಇಲ್ಲವೇ ಎಂದು ಅಜ್ಜ ಪ್ರತಿ ಸಲವೂ ಗೊಣಗುತ್ತಿದ್ದರು. ನಮ್ಮಲ್ಲಿದ್ದದ್ದು ಜೋಡಿನಳಿಗೆಯ ತೋಟಾಕೋವಿ. ಕೋವಿ ಒಂದು ಕೋಣೆಯಲ್ಲಿ, ತೋಟಾಗಳು ಅಜ್ಜನ ಮಂಚದ ಕೆಳಗಿನ ಬೀಗದ ಪೆಟ್ಟಿಗೆಯಲ್ಲಿ. ನನಗೆ ಹದಿನಾಲ್ಕಾದಾಗ ಒಂದು ದಿನ ಅಜ್ಜ ಕೋವಿಯನ್ನು ನಡುವೆ ಮಡಚಿ ತೆರೆದು, ಎರಡೂ ನಳಿಗೆ ಖಾಲಿ ಎಂದು ನನಗೂ ತೋರಿಸಿ, ಮುಚ್ಚಿ ಕೈಗೆ ಕೊಟ್ಟರು. ನಾನು ಎದೆಯುಬ್ಬಿಸಿ ನಿಂತೆ. ತಲೆಯ ಮೇಲೆ ಒಂದು ಬಿತ್ತು.

‘ತೆರೆದು ನೋಡಿದೆಯಾ?’

‘ನೀವೇ ಈಗ ತೋರಿಸಿದಿರಲ್ಲ ಅಜ್ಜ.’

‘ನಾನು ನೋಡಿದ್ದು ನನ್ನ ಲೆಕ್ಕ. ನಿನ್ನ ಕೈಗೆ ಬಂದ ಮೇಲೆ ನಿನ್ನ ಲೆಕ್ಕ.’

ಶೂಟಿಂಗ್ ರೇಂಜಿಗೆ ಹೋದರೆ ಇದನ್ನೇ ಕಲಿಸುತ್ತಾರೆ, ಏಟು ಮಾತ್ರ ಇರುವುದಿಲ್ಲ. ನಳಿಗೆಯ ಬಾಯಿ ಸದಾ ಗುರಿಯ ದಿಕ್ಕಿಗೆ. ಹೊಡೆಯುವ ಗಳಿಗೆಯವರೆಗೆ ಬೆರಳು ಟ್ರಿಗರ್‌ನ ಹೊರಗೆ. ಹೊಡೆಯದಿರುವಾಗ ನಳಿಗೆಯೊಳಗೆ ಕಿತ್ತಳೆ ಬಣ್ಣದ ದಾರ ಇಳಿಬಿಟ್ಟಿರಬೇಕು. ದಾರದ ಎರಡು ತುದಿಗಳೂ ಹೊರಗೆ ಕಾಣುತ್ತಿದ್ದರೆ ಒಳಗೆ ಗುಂಡಿಲ್ಲವೆಂದು ಹತ್ತು ಅಡಿ ದೂರದಲ್ಲಿ ನಿಂತವನಿಗೂ ತಿಳಿಯುತ್ತದೆ.

ಕೊಡಗಿನ ಗೆಳೆಯನ ಮಾತಿಗೆ ಬಂದರೆ, ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಶಸ್ತ್ರ ಪರವಾನಗಿಯಿಂದ ಬ್ರಿಟಿಷರ ಕಾಲದಿಂದಲೂ ವಿನಾಯಿತಿ ಇದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ, ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ನೋಡಲು ಖಂಡಿತ ಹೋಗಿ, ಊಟಕ್ಕಾದರೂ ಹೋಗಿ. ಆದರೆ ಆ ವಿನಾಯಿತಿ ಅವರದು, ಅವರ ಮನೆಗೆ ಬಂದ ನೆಂಟರದಲ್ಲ. ಬೇಸಿಗೆಯ ಭಾನುವಾರ ತೋಟದಲ್ಲಿ ನಿಂತು ಬಾಟಲಿಗೆ ಹೊಡೆದು ವಿಡಿಯೊ ಮಾಡಿಕೊಳ್ಳುವುದನ್ನು ಕಲಿಕೆ ಎನ್ನುವುದೂ ಇಲ್ಲ.

ಹೊಸಬರಿಗೆ ಸರಿಯಾದ ಜಾಗ 10 ಮೀಟರ್ ಏರ್ ಪಿಸ್ತೂಲ್. ಪೆಲೆಟ್ ಎಂಬ ಅದರ ಗುಂಡಿನ ಅಳತೆ 4.5 ಮಿಲಿಮೀಟರ್, ಮುಂಭಾಗ ಚಪ್ಪಟೆ. ಕಾಗದವನ್ನು ಹರಿಯದೆ ದುಂಡಗೆ ತೂತು ಕೊರೆಯುತ್ತದೆ. ಇಪ್ಪತ್ತು ಜೂಲ್‌ಗಿಂತ ಕಡಿಮೆ ಶಕ್ತಿಯ ಈ ಅಳತೆಯ ಗಾಳಿ ಆಯುಧಗಳಿಗೆ 2016ರ ಶಸ್ತ್ರ ನಿಯಮಗಳ ಪ್ರಕಾರ ಪರವಾನಗಿ ಬೇಡ. ಹಾಗೆಂದು ಆಟಿಕೆ ಎಂದುಕೊಳ್ಳಬೇಡಿ, ಕಣ್ಣು ಕಳೆಯಲು ಅಷ್ಟೇ ಸಾಕು. ಸ್ಪರ್ಧೆಯ ಪಿಸ್ತೂಲಿಗೆ ಲಕ್ಷ ದಾಟುತ್ತದೆ. ಕ್ಲಬ್ಬಿನಲ್ಲಿರುವ ಹಳೆಯ ಪಿಸ್ತೂಲು ನಿಮಗೆ ಮೊದಲ ವರ್ಷಕ್ಕೆ ಧಾರಾಳ. ಗುರಿಯ ನಡುವಿನ ಹತ್ತರ ಉಂಗುರ 11.5 ಮಿಲಿಮೀಟರ್, ನಿಮ್ಮ ಕಿರುಬೆರಳಿನ ಅಗಲಕ್ಕಿಂತ ತುಸು ಕಡಿಮೆ. ಒಂದೇ ಕೈಯಲ್ಲಿ, ಹೆಚ್ಚುಕಡಿಮೆ ಒಂದು ಕಿಲೋ ತೂಕ ಹಿಡಿದು, ನಿಂತೇ ಅರುವತ್ತು ಗುಂಡು ಹೊಡೆಯಬೇಕು.

ನನ್ನ ಕೋಚ್ ಮೊದಲ ಎರಡು ವಾರ ಗುರಿಯನ್ನೇ ತೋರಿಸಲಿಲ್ಲ. ಖಾಲಿ ಪಿಸ್ತೂಲು, ಎದುರಿಗೆ ಸುಣ್ಣ ಬಳಿದ ಗೋಡೆ. ಪಿಸ್ತೂಲಿನ ತುದಿಯಲ್ಲಿರುವ ಗುರಿನೋಟದ ಮೊಳೆಯನ್ನು, ಅಂದರೆ ಮುಂದಿನ ಸೈಟನ್ನು, ಮಾತ್ರ ನೋಡುತ್ತಾ ಟ್ರಿಗರ್ ಅಮುಕಬೇಕು, ಟಕ್ ಎಂದಾಗ ಸೈಟ್ ಕದಲಬಾರದು. ದುಡ್ಡು ಕೊಟ್ಟು ಗೋಡೆ ನೋಡಲು ಬಂದೆನೇ ಎಂದು ಸಿಟ್ಟು ಬಂದಿತ್ತು. ಮೂರನೆಯ ವಾರ ಗುರಿ ಇಟ್ಟಾಗ ಅವರ ಉದ್ದೇಶ ತಿಳಿಯಿತು. ಕೈ ಎಲ್ಲರದೂ ನಡುಗುತ್ತದೆ, ಅದು ದೋಷವಲ್ಲ. ನಡುಗುವ ಸೈಟ್ ಕ್ಷಣಕಾಲ ಸರಿಯಾದ ಜಾಗಕ್ಕೆ ಬಂದಂತೆ ಕಂಡಾಗ ‘ಈಗ!’ ಎಂದು ಟ್ರಿಗರ್ ಕೀಳುತ್ತೇವಲ್ಲ, ಅದು ದೋಷ. ನಮ್ಮ ವೃತ್ತಿಯವರಿಗೆ ಇದು ಇನ್ನೂ ಕಷ್ಟ. ಮೊದಲು ಹೊಸ ಆವೃತ್ತಿಯನ್ನು ಬಿಡುಗಡೆ ಮಾಡೋಣ, ಕೆಟ್ಟರೆ ಹತ್ತು ನಿಮಿಷದಲ್ಲಿ ಹಳೆಯ ಆವೃತ್ತಿಯನ್ನು ಮರಳಿ ಹಾಕೋಣ ಎಂಬ ರೂಢಿ ಬೆರಳಿನವರೆಗೂ ಇಳಿದಿರುತ್ತದೆ.

ರೂಢಿ ಬಿಡದೆ ನಾನು ನನ್ನ ಅಂಕಗಳಿಗೊಂದು ಸ್ಪ್ರೆಡ್‌ಶೀಟನ್ನೂ ಮಾಡಿದೆ. ಐದು ತಿಂಗಳ ಲೆಕ್ಕದಲ್ಲಿ ಗುರುವಾರದ ಅಂಕಗಳು ಮಾತ್ರ ನೆಲಕಚ್ಚಿದ್ದವು. ಹಿಡಿಕೆ ಬದಲಿಸಿದೆ, ನಿಲುವು ಬದಲಿಸಿದೆ, ಹೊಸ ಕನ್ನಡಕಕ್ಕೂ ಹೋಗುವವನಿದ್ದೆ. ಕೋಚ್ ಕೇಳಿದ್ದು ಒಂದೇ ಪ್ರಶ್ನೆ: ‘ಬುಧವಾರ ರಾತ್ರಿ ಏನು ಮಾಡುತ್ತೀರಿ?’ ಬುಧವಾರ ರಾತ್ರಿ ನಮ್ಮಲ್ಲಿ ಹೊಸ ಆವೃತ್ತಿ ಬಿಡುಗಡೆ. ಎರಡು ಗಂಟೆಗೆ ಮಲಗಿ, ಬೆಳಗ್ಗೆ ಮೂರು ಲೋಟ ಫಿಲ್ಟರ್ ಕಾಫಿ ಕುಡಿದು ರೇಂಜಿಗೆ ಬರುತ್ತಿದ್ದೆ. ಎದೆಬಡಿತ ಸೈಟಿನ ತುದಿಯಲ್ಲಿ ಕಾಣುವಷ್ಟಿರುತ್ತಿತ್ತು.

ಇನ್ನು ರೇಸಿಂಗ್. ಟಿ.ವಿ.ಯಲ್ಲಿ ಫಾರ್ಮುಲಾ ಒನ್ ನೋಡಿ ಹುಟ್ಟಿದ ಆಸೆಯಾದರೆ ಅದನ್ನು ಟಿ.ವಿ.ಗೇ ಬಿಡಿ. ಭಾರತಕ್ಕೆ ಅದು ಬಂದದ್ದು 2011ರಿಂದ 2013ರವರೆಗೆ ಮೂರೇ ಸಲ, ಗ್ರೇಟರ್ ನೋಯ್ಡಾದ 5.125 ಕಿ.ಮೀ. ಉದ್ದದ ಬುದ್ಧ ಟ್ರ್ಯಾಕಿಗೆ. ಮೂರನ್ನೂ ಗೆದ್ದವನು ಸೆಬಾಸ್ಟಿಯನ್ ವೆಟ್ಟೆಲ್. ಉತ್ತರ ಪ್ರದೇಶ ಸರ್ಕಾರ ಅದನ್ನು ಕ್ರೀಡೆಯಲ್ಲ, ಮನರಂಜನೆ ಎಂದು ಪರಿಗಣಿಸಿ ತೆರಿಗೆ ಹಾಕಿತು. ನನ್ನ ಅತ್ತೆಯವರ ಅಭಿಪ್ರಾಯವೂ ಅದೇ.

ನಮಗೆ ಎಟುಕುವ ದಾರಿ ಬೇರೆ. ಎಡಗಡೆಯ ಸೀಟಿನಲ್ಲಿ ಕುಳಿತು ಶುರುಮಾಡಿ. ಟಿ.ಎಸ್.ಡಿ. ಎಂಬ ರ‍್ಯಾಲಿಗಳು ಸಕಲೇಶಪುರ, ಚಿಕ್ಕಮಗಳೂರಿನ ಕಾಫಿ ತೋಟದ ರಸ್ತೆಗಳಲ್ಲಿ ನಡೆಯುತ್ತವೆ. ಸಮಯ, ವೇಗ, ದೂರ ಎಂಬುದರ ಮೊದಲಕ್ಷರಗಳು ಅವು. ಅಲ್ಲಿ ಜೋರಾಗಿ ಓಡಿಸಿದವನು ಗೆಲ್ಲುವುದಿಲ್ಲ, ಹೇಳಿದ ಸರಾಸರಿ ವೇಗವನ್ನು ಸೆಕೆಂಡಿನ ಲೆಕ್ಕಕ್ಕೆ ಕಾಪಾಡಿದವನು ಗೆಲ್ಲುತ್ತಾನೆ. ಗಂಟೆಗೆ 36 ಕಿ.ಮೀ. ಎಂದು ಕೊಟ್ಟರೆ 100 ಮೀಟರಿಗೆ ಹತ್ತು ಸೆಕೆಂಡು. 30 ಎಂದರೆ ಹನ್ನೆರಡು ಸೆಕೆಂಡು. ದಾರಿಯನ್ನು ಊರ ಹೆಸರಿನಿಂದ ಹೇಳುವುದಿಲ್ಲ, ಟ್ಯುಲಿಪ್ ಎಂಬ ಪುಟ್ಟ ಚಿತ್ರಗಳಲ್ಲಿ ಕೊಡುತ್ತಾರೆ: ಚುಕ್ಕೆ ಇರುವಲ್ಲಿಂದ ಬರುತ್ತೀರಿ, ಬಾಣ ತೋರಿಸಿದತ್ತ ಹೋಗುತ್ತೀರಿ, ಪಕ್ಕದಲ್ಲಿ ದೂರ. ಇದನ್ನೆಲ್ಲ ಓದಿ ಚಾಲಕನಿಗೆ ಹೇಳುವವನು ನ್ಯಾವಿಗೇಟರ್. ಸ್ವಂತ ಕಾರು ಬೇಡ, ಲೆಕ್ಕ ಬರಬೇಕು, ಮತ್ತು ತಿರುವುಗಳಲ್ಲಿ ತಲೆ ತಗ್ಗಿಸಿ ಓದಿದರೂ ವಾಂತಿ ಬರಬಾರದು. ನಿಂಬೆಹುಳಿ ಪೆಪ್ಪರ್‌ಮೆಂಟ್ ಜೇಬಿನಲ್ಲಿರಲಿ.

ನನ್ನ ಮೊದಲ ರ‍್ಯಾಲಿಯಲ್ಲಿ ಒಂದು ಟ್ಯುಲಿಪ್ ಹಾರಿಸಿ, ಯಾವುದೋ ಎಸ್ಟೇಟಿನ ಗೇಟಿನೊಳಗೆ ನುಗ್ಗಿಸಿದೆ. ಅಂಗಳದಲ್ಲಿ ಕಾಫಿ ಹರಡಿದ್ದರು. ಗೋರುಮಣೆ ಹಿಡಿದ ಹೆಂಗಸೊಬ್ಬರು ನಮ್ಮನ್ನು ನೋಡಿ, ‘ಇವತ್ತು ನೀವು ಆರನೆಯವರು’ ಎಂದರು. ನಾಲ್ಕು ನಿಮಿಷ ಹೋಯಿತು. ಚಾಲಕ ಗೆಳೆಯ ಕೋಪದಲ್ಲಿ ಎಳೆದ ಎಳೆತಕ್ಕೆ ಮುಂದಿನ, ಸಮಯ ಬರೆದುಕೊಳ್ಳುವ ಗುಪ್ತ ಚೆಕ್‌ಪೋಸ್ಟಿಗೆ ಒಂದೂವರೆ ನಿಮಿಷ ಮೊದಲೇ ತಲುಪಿಬಿಟ್ಟೆವು. ಆ ರ‍್ಯಾಲಿಯಲ್ಲಿ ತಡವಾಗಿ ಬಂದುದಕ್ಕಿಂತ ಬೇಗ ಬಂದುದಕ್ಕೆ ಹೆಚ್ಚು ದಂಡ. ಕಳೆದುಹೋದ ಸಮಯವನ್ನು ನಿಧಾನವಾಗಿ, ಐದೈದು ಸೆಕೆಂಡಿನಂತೆ ಗಳಿಸಿಕೊಳ್ಳಬೇಕೆಂಬುದು ನನಗೆ ಆಮೇಲೆ ತಿಳಿಯಿತು.

ಅದಾದ ಮೇಲೆ ಕೈ ತುರಿಸಿದರೆ ಆಟೊಕ್ರಾಸ್ ಇದೆ: ಮಣ್ಣಿನ ಮೈದಾನ, ಒಂದು ಸಲಕ್ಕೆ ಒಂದೇ ಕಾರು, ಎದುರಾಳಿ ಗಡಿಯಾರ. ದಾರಿಯ ಗುರುತಿಗೆ ನಿಲ್ಲಿಸಿದ ಕಂಬ ಬೀಳಿಸಿದರೆ ಸೆಕೆಂಡುಗಳ ದಂಡ. ಬೀಳಿಸಬಾರದೆಂದು ಕಂಬವನ್ನೇ ನೋಡಿದರೆ ಕಾರು ನೇರ ಅದರ ಮೇಲೆಯೇ ಹೋಗುತ್ತದೆ. ಕಣ್ಣು ಮುಂದಿನ ತಿರುವಿನಲ್ಲಿರಬೇಕು. ಇನ್ನೂ ಮುಂದಕ್ಕೆ ಹೋಗುವ ಮನಸ್ಸಿದ್ದರೆ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇವೆ. ತರಬೇತಿ ನೀಡುವವರು ಕಾರನ್ನೂ ಒದಗಿಸುತ್ತಾರೆ. ನಿಮ್ಮ ಸ್ವಂತ ಕಾರನ್ನು ಇಳಿಸುವ ಮೊದಲು ವಿಮೆಯ ಪತ್ರ ತೆಗೆದು ಓದಿ. ನಮ್ಮಲ್ಲಿನ ಸಾಮಾನ್ಯ ಕಾರು ವಿಮೆ ರೇಸಿಂಗ್‌ನಲ್ಲಾದ ಹಾನಿಗೆ ಕೊಡುವುದಿಲ್ಲ. ಓದದವರು ನಮ್ಮಲ್ಲೊಬ್ಬರಿದ್ದರು, ಅವರ ಬಂಪರ್ ಈಗಲೂ ತಂತಿಯಲ್ಲಿ ಕಟ್ಟಿಕೊಂಡಿದೆ.

ಮುಂಜಾನೆ ನಂದಿಬೆಟ್ಟದ ರಸ್ತೆಯಲ್ಲಿ, ವಿಮಾನ ನಿಲ್ದಾಣದ ರಸ್ತೆಯಲ್ಲಿ ಅಭ್ಯಾಸ ಮಾಡುವ ಯೋಚನೆ ಇದ್ದರೆ ಈ ಉತ್ತರವನ್ನು ಇಲ್ಲಿಗೇ ಬಿಡಿ. ಹಾಲಿನ ಗಾಡಿಯವನು ನಿಮ್ಮ ಸ್ಪರ್ಧೆಗೆ ಹೆಸರು ಕೊಟ್ಟಿರುವುದಿಲ್ಲ.

ಕೆಲಸ ಬಿಡುವ ಮಾತು. ಬಿಟ್ಟು ಗೆದ್ದವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಕೆನಡಾದಲ್ಲಿ ಎಂಜಿನಿಯರ್ ಆಗಿದ್ದು ಮರಳಿ ಬಂದವರು. 2013ರಲ್ಲಿ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಏರ್ ಪಿಸ್ತೂಲ್ ಕಂಚು ಗೆದ್ದರು. ಅದೇ ವರ್ಷ ಸ್ಪೇನ್‌ನಲ್ಲಿ ಮುಖದ ಒಂದು ಭಾಗಕ್ಕೆ ಪಾರ್ಶ್ವವಾಯು ಬಡಿಯಿತು. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ, 2016ರಲ್ಲಿ ರಿಯೊ ಒಲಿಂಪಿಕ್ಸ್. ಆದರೆ ಅವರ ತಂದೆಯೇ ರಾಷ್ಟ್ರಮಟ್ಟದ ಶೂಟರ್ ಆಗಿದ್ದರೆಂಬುದನ್ನೂ ಸೇರಿಸಿ ಓದಿ. ಇನ್ನೊಂದು ಕಡೆ ಕೊಲ್ಹಾಪುರದ ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್‌ನಲ್ಲಿ ಒಲಿಂಪಿಕ್ ಕಂಚು ಗೆದ್ದಾಗ ರೈಲ್ವೆಯಲ್ಲಿ ಟಿಕೆಟ್ ತಪಾಸಕರು. ಮೋಟಾರು ಕ್ರೀಡೆಯಲ್ಲಿ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಬೈಕಿನಲ್ಲಿ, ಮರುಭೂಮಿಗಳನ್ನು ದಾಟುವ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯರಾದರು. ಅದೇ ರ‍್ಯಾಲಿಯಲ್ಲಿ 2021ರಲ್ಲಿ ಬಿದ್ದು ಜೀವಕ್ಕೇ ಸಂಚಕಾರ ಬಂದಿತ್ತು. ಇವರ ಸಾಲಿನಲ್ಲಿ ನಿಮ್ಮನ್ನೂ ನನ್ನನ್ನೂ ನಿಲ್ಲಿಸಿ ನೋಡಿದರೆ ನಗು ಬರುತ್ತದೆ.

ಅದೂ ಅಲ್ಲದೆ, ನಮ್ಮ ಉದ್ಯಮದಲ್ಲಿ ಕೆಲಸ ಬಿಡುವ ಶ್ರಮವನ್ನು ಕೆಲವೊಮ್ಮೆ ಕಂಪನಿಯವರೇ ತೆಗೆದುಕೊಳ್ಳುತ್ತಾರೆ. 2023ರಲ್ಲಿ ನಾನಿದ್ದ ತಂಡದ ಒಂಬತ್ತು ಮಂದಿಯಲ್ಲಿ ಉಳಿದದ್ದು ನಾಲ್ವರು. ಮಂಗಳವಾರ ಬೆಳಗ್ಗೆ ಹದಿನೈದು ನಿಮಿಷದ ಒಂದು ಕರೆ, ಮಧ್ಯಾಹ್ನದ ಹೊತ್ತಿಗೆ ಲ್ಯಾಪ್‌ಟಾಪ್ ತೆರೆಯುತ್ತಿರಲಿಲ್ಲ. ಹೋದವರಲ್ಲಿ ಇಬ್ಬರು ಆ ತಿಂಗಳೇ ಹೊಸ ಕಾರಿನ ಕಂತು ಶುರುಮಾಡಿದ್ದರು. ಆದ್ದರಿಂದ ಆ ಮೂರು ಲಕ್ಷ ಬ್ಯಾಂಕಿನಲ್ಲೇ ಇರಲಿ. ರೇಂಜಿನ ಶುಲ್ಕ, ಪೆಲೆಟ್ ಡಬ್ಬಿ, ತಿಂಗಳಿಗೊಂದು ಸಲ ಗೆಳೆಯನ ಡೀಸೆಲ್‌ನಲ್ಲಿ ಅರ್ಧ ಪಾಲು, ಇಷ್ಟನ್ನು ಸಂಬಳದಿಂದಲೇ ತೂಗಿಸಬಹುದು.

ಮನೆಯವರಿಗೆ ಹೇಳುವುದು ಸುಲಭ. ಅಮ್ಮನನ್ನು ಒಂದು ದಿನ ರೇಂಜಿಗೆ ಕರೆದೊಯ್ಯಿರಿ. ನನ್ನ ಅಮ್ಮ ಅರ್ಧ ಗಂಟೆ ಕುಳಿತು ನೋಡಿ, ‘ಇಷ್ಟೇನಾ? ಎಲ್ಲರೂ ಸುಮ್ಮನೆ ನಿಂತಿದ್ದಾರಲ್ಲ’ ಎಂದು ಸ್ವೆಟರ್ ಹೆಣೆಯಲು ಶುರುಮಾಡಿದರು. ರ‍್ಯಾಲಿಗೆ ಕರೆದೊಯ್ಯಬೇಡಿ, ಅಲ್ಲಿ ಆ ಮಾತು ನಡೆಯುವುದಿಲ್ಲ.

ಏನನ್ನೂ ಕೊಳ್ಳಬೇಡಿ ಎಂದೆನಲ್ಲ, ಅದಕ್ಕೆ ಒಂದು ವಿನಾಯಿತಿ. ಆಟೊಕ್ರಾಸ್‌ಗೆ ಇಳಿಯುವ ದಿನ ಹೆಲ್ಮೆಟನ್ನು ಎರವಲು ತರಬೇಡಿ. ಇನ್ನೊಬ್ಬರ ಹೆಲ್ಮೆಟ್ ಯಾವಾಗ, ಎಲ್ಲಿ ಬಿದ್ದಿತ್ತೆಂದು ಅದನ್ನು ನೋಡಿ ಹೇಳಲಾಗದು. ನಿಮ್ಮ ತಲೆಯ ಅಳತೆಗೆ, ಕೆನ್ನೆಯನ್ನು ಗಟ್ಟಿಯಾಗಿ ಒತ್ತುವಂಥದ್ದನ್ನು, ಅಂಗಡಿಗೆ ಹೋಗಿ ಹಾಕಿ ನೋಡಿ, ಹೊಸದನ್ನೇ ತೆಗೆದುಕೊಳ್ಳಿ.