ಗೆದ್ದವರು ಸೋತರೆ ಅದು ಸೊಕ್ಕೇ ಆಗಬೇಕಾ?

ಪತ್ರ: ‘ಹಿಂದಿನ ಸಂಚಿಕೆಯಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡವನ್ನು ಹೊಗಳಿದ್ದೀರಿ. ನಾನು ಅದೇ ಊರಿನಲ್ಲಿರುವವನು. 2022ರ ಫೆಬ್ರವರಿಯಲ್ಲಿ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದರು, ಮುಂದಿನ ಸೀಸನ್‌ನಲ್ಲಿ 17ರಲ್ಲಿ 12 ಪಂದ್ಯ ಸೋತರು. ಗೆದ್ದ ಮೇಲೆ ತಲೆ ತಿರುಗಿತು, ಅಷ್ಟೇ. ಹೈಸ್ಕೂಲ್ ತಂಡದಲ್ಲಿ ಆಡುವ ನನ್ನ ಮಗನಿಗೂ ಇದನ್ನೇ ಹೇಳುತ್ತೇನೆ.’
– ಒಬ್ಬ ಓದುಗ, ಕ್ಯಾಲಿಫೋರ್ನಿಯಾ

ಸಂಪಾದಕರ ಉತ್ತರ: ಅಷ್ಟು ದೂರದಿಂದ ನಮ್ಮ ಪತ್ರಿಕೆ ಓದಿ, ಕನ್ನಡದಲ್ಲೇ ಜಗಳ ಆಡಿದ್ದೀರಿ, ಖುಷಿಯಾಯಿತು. ನಿಮ್ಮ ಲೆಕ್ಕವೂ ಸರಿ. ಹಿಂದಿನ ವರ್ಷದ ಚಾಂಪಿಯನ್ ಒಬ್ಬರು 12 ಪಂದ್ಯ ಸೋತದ್ದು ಅದೇ ಮೊದಲು. ಮೆರವಣಿಗೆಯ ದಿನ ಜನರಲ್ ಮ್ಯಾನೇಜರ್ ಲೆಸ್ ಸ್ನೀಡ್, ಹೊಸ ಹುಡುಗರನ್ನು ಆರಿಸುವ ಡ್ರಾಫ್ಟನ್ನೇ ಬೈಯುವ ಟೀ ಶರ್ಟ್ ಹಾಕಿಕೊಂಡು ಬಂದದ್ದು ನನಗೂ ಹಿಡಿಸಲಿಲ್ಲ. ಇಷ್ಟು ನಿಮ್ಮ ಪಾಲಿಗೆ.

ಆದರೆ ಆ 12 ಸೋಲು ಎಲ್ಲಿಂದ ಬಂತು ಅಂತ ನೋಡಿದ್ದೀರಾ? ಚೆಂಡು ಹಿಡಿಯುವ ಆಟಗಾರ ಕೂಪರ್ ಕಪ್ ಅವರು ತಂಡ ಗೆದ್ದ ವರ್ಷದ ಲೀಗ್ ಪಂದ್ಯಗಳಲ್ಲಿ 145 ಕ್ಯಾಚ್ ಹಿಡಿದು 1,947 ಗಜ ಗಳಿಸಿದವರು. ಮರುವರ್ಷ 9 ಪಂದ್ಯ ಆಡುವಷ್ಟರಲ್ಲಿ ಪಾದದ ಗಂಟು ಹೋಯಿತು. ಚೆಂಡು ಎಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟ್ಯಾಫರ್ಡ್ ಅವರದ್ದೂ 9 ಪಂದ್ಯಕ್ಕೇ ಮುಗಿಯಿತು, ಮೊದಲು ತಲೆಗೆ ಪೆಟ್ಟು, ಆಮೇಲೆ ಬೆನ್ನುಹುರಿಗೆ. ರಕ್ಷಣಾ ಸಾಲಿನ ಆರನ್ ಡೊನಾಲ್ಡ್ 11 ಆಡಿದರು. ನವೆಂಬರ್ ಮುಗಿಯುವ ಹೊತ್ತಿಗೆ ತಂಡದ ಮೂರು ಕಂಬಗಳೂ ಹೊರಗೆ. ಎಡ ತುದಿಯಲ್ಲಿ ನಿಂತು ಸ್ಟ್ಯಾಫರ್ಡ್ ಅವರನ್ನು ಕಾಯುತ್ತಿದ್ದ ಆಂಡ್ರೂ ವಿಟ್‌ವರ್ತ್ ಸೂಪರ್ ಬೌಲ್ ಗೆದ್ದ ಮೇಲೆ ನಿವೃತ್ತರಾದರು, ರಕ್ಷಣೆಯ ಆಟಗಾರ ವಾನ್ ಮಿಲ್ಲರ್ ಬಫಲೋ ತಂಡಕ್ಕೆ ಹೋದರು. ಕ್ವಾರ್ಟರ್‌ಬ್ಯಾಕ್‌ಗೆ ಕಾವಲಾಗಿ ಮುಂಚೂಣಿಯಲ್ಲಿ ನಿಲ್ಲುವ ಐವರು ಗಾಯದಿಂದಾಗಿ ವಾರವಾರಕ್ಕೂ ಬದಲಾಗುತ್ತಿದ್ದರು. ಇದರಲ್ಲಿ ಸೊಕ್ಕು ಎಲ್ಲಿದೆ, ಹೇಳಿ.

ಇನ್ನೊಂದು ವಿಷಯ. ಅಲ್ಲಿ ಗೆಲ್ಲುವುದೇ ದುಬಾರಿ. ಎಲ್ಲ ತಂಡಕ್ಕೂ ಸಂಬಳದ ಮಿತಿ ಒಂದೇ, 2022ರಲ್ಲಿ 208.2 ಮಿಲಿಯನ್ ಡಾಲರ್. ಗೆದ್ದ ಆಟಗಾರರು ಜಾಸ್ತಿ ಕೇಳುತ್ತಾರೆ, ಕೇಳಲೇಬೇಕು, ಮೈ ಸವೆಸಿದವರು ಅವರು. ಡ್ರಾಫ್ಟ್‌ನಲ್ಲಿ ಹೆಚ್ಚು ಸೋತವರ ಸರದಿ ಮೊದಲು, ಚಾಂಪಿಯನ್ ಸರದಿ ಕೊನೆಗೆ. ರ‍್ಯಾಮ್ಸ್‌ಗೆ ಅದೂ ಇರಲಿಲ್ಲ, ಯಾಕೆಂದರೆ ಸ್ಟ್ಯಾಫರ್ಡ್ ಅವರನ್ನು ತರಲು 2022 ಮತ್ತು 2023ರ ಮೊದಲ ಸುತ್ತಿನ ಆಯ್ಕೆಗಳನ್ನು ಡೆಟ್ರಾಯ್ಟ್ ತಂಡಕ್ಕೆ ಕೊಟ್ಟಾಗಿತ್ತು. ಅಷ್ಟೊಂದು ಸೋತದ್ದಕ್ಕೆ ಸಿಕ್ಕ 6ನೇ ಆಯ್ಕೆಯೂ ಡೆಟ್ರಾಯ್ಟ್ ಪಾಲಾಯಿತು. ಇದನ್ನು ದುಡುಕು ಅನ್ನಿ, ಒಪ್ಪುತ್ತೇನೆ. ಅಹಂಕಾರ ಅನ್ನಬೇಡಿ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಗೆದ್ದ 2003, 2004ರ ಸೀಸನ್‌ಗಳ ನಂತರ ಯಾರಾದರೂ ಸತತ ಎರಡು ವರ್ಷ ಗೆದ್ದದ್ದು 2022, 2023ರ ಸೀಸನ್‌ಗಳಲ್ಲಿ, ಕಾನ್ಸಾಸ್ ಸಿಟಿ ಚೀಫ್ಸ್. ನಡುವೆ ಗೆದ್ದ ಅಷ್ಟೂ ತಂಡಗಳಿಗೆ ತಲೆ ತಿರುಗಿತ್ತಾ?

ನನಗೆ ಗೆದ್ದ ವರ್ಷಕ್ಕಿಂತ ಸೋತ ವರ್ಷದ ರ‍್ಯಾಮ್ಸ್ ಮೇಲೇ ಪ್ರೀತಿ ಜಾಸ್ತಿ. 2022ರ ಡಿಸೆಂಬರ್ 8 ನೆನಪಿದೆಯಾ? ಕ್ಯಾರೊಲಿನಾ ತಂಡ ಕೈಬಿಟ್ಟಿದ್ದ ಕ್ವಾರ್ಟರ್‌ಬ್ಯಾಕ್ ಬೇಕರ್ ಮೇಫೀಲ್ಡ್ ಎರಡೇ ದಿನದ ಹಿಂದೆ ತಂಡ ಸೇರಿದ್ದರು. ತಂಡದ ತಂತ್ರಗಳ ಪುಸ್ತಕ, ಪ್ಲೇಬುಕ್, ಪೂರ್ತಿ ಓದಲೂ ಹೊತ್ತಿರಲಿಲ್ಲ. ಎದುರಾಳಿ ರೇಡರ್ಸ್ 16–3ರಿಂದ ಮುಂದಿದ್ದರು, ರ‍್ಯಾಮ್ಸ್ ಅದನ್ನು 16–10ಕ್ಕೆ ತಂದಿದ್ದರು. ಕೊನೆಯ ಎರಡು ನಿಮಿಷವೂ ಉಳಿದಿಲ್ಲ, ಗಡಿಯಾರ ನಿಲ್ಲಿಸಲು ಟೈಮ್‌ಔಟ್ ಒಂದೂ ಇಲ್ಲ, ಚೆಂಡು ಇರುವುದು ತಮ್ಮದೇ 2 ಗಜದ ಗೆರೆಯ ಹತ್ತಿರ. ಅಲ್ಲಿಂದ 98 ಗಜ! 10 ಸೆಕೆಂಡ್ ಇರುವಾಗ ವ್ಯಾನ್ ಜೆಫರ್ಸನ್‌ಗೆ ಟಚ್‌ಡೌನ್, ಅಂದರೆ ಚೆಂಡು ಎದುರಾಳಿಯ ಕೊನೆಯ ಗೆರೆ ದಾಟಿತು, 17–16. ಪ್ಲೇಆಫ್ ಆಸೆ ಬಹುತೇಕ ಮುಗಿದಿದ್ದ ತಂಡ ಅದು, ಸುಮ್ನೆ ದಿನ ತಳ್ಳಬಹುದಿತ್ತು. ಚೆಂಡು ಹಿಡಿದು ಓಡುವ ಕ್ಯಾಮ್ ಏಕರ್ಸ್ ಅವರನ್ನೂ ನೋಡಿ. ಹಿಂದಿನ ವರ್ಷ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡವರು, ಕೊನೆಯ ಮೂರೂ ಪಂದ್ಯಗಳಲ್ಲಿ 100 ಗಜ ದಾಟಿಸಿದರು. ತಲೆ ತಿರುಗಿದವರು ಹೀಗೆ ಓಡ್ತಾರಾ?

ನನ್ನ ಸಿಟ್ಟು ನಿಮ್ಮ ಮೇಲಲ್ಲ, ಆಟವನ್ನು ಹೀಗೆ ಓದಲು ಕಲಿಸಿದವರ ಮೇಲೆ. ಗೆದ್ದರೆ ಸಂಸ್ಕಾರ, ಸೋತರೆ ಸೊಕ್ಕು. ನಮ್ಮಲ್ಲೂ ಇದೇ ಪಾಠ. ಕರ್ನಾಟಕ 2013–14, 2014–15ರಲ್ಲಿ ಸತತ ಎರಡು ರಣಜಿ ಗೆದ್ದು, ಮರುವರ್ಷ ಕ್ವಾರ್ಟರ್ ಫೈನಲ್‌ಗೂ ಹೋಗದಿದ್ದಾಗ ಎಂಥೆಂಥ ಮಾತು ಕೇಳಬೇಕಾಯಿತು! 2025ರಲ್ಲಿ ನಿಷೇಧ ಬರುವವರೆಗೂ ನಮ್ಮಲ್ಲಿ ಫೋನಿನಲ್ಲೇ ತಂಡ ಕಟ್ಟಿ ದುಡ್ಡು ಹಾಕುವ ಆಟಗಳಿದ್ದವು, ಆಗಂತೂ ಆಟಗಾರನ ಕಾಲು ತಿರುಚಿದರೆ ಜನ ಮೊದಲು ನೋಡುತ್ತಿದ್ದುದು ತಮ್ಮ ಪಾಯಿಂಟ್. ಕ್ರೀಡಾ ಪುಟಗಳಲ್ಲಿ ಗಾಯಕ್ಕೆ ಒಂದು ಸಾಲು, ಬೈಗುಳಕ್ಕೆ ಮೂರು ಕಾಲಂ. ಆಟಗಾರನಿಗೆ ಮೈ ಅನ್ನುವುದೊಂದಿದೆ ಅಂತ ಬರೆಯುವವರು ಎಷ್ಟು ಮಂದಿ?

ನಿಮ್ಮ ಮಗನ ವಿಷಯ ಹೇಳಿದ್ದೀರಿ, ಅದಕ್ಕೇ ಇಷ್ಟು ಬರೆದೆ. ಒಂದು ದಿನ ಅವನ ತಂಡವೂ ಗೆಲ್ಲುತ್ತದೆ, ಮರುವರ್ಷ ಅವನ ಭುಜವೋ ಮಂಡಿಯೋ ಕೈಕೊಡಬಹುದು. ಆಗ ಅಪ್ಪನ ಬಾಯಿಂದ ‘ತಲೆ ತಿರುಗಿತು’ ಅಂತ ಕೇಳುವ ಹಾಗಾಗಬಾರದು, ಅಲ್ವಾ? ಮತ್ತೆ, ಆ ಡಿಸೆಂಬರ್ ರಾತ್ರಿ ನೀವು ಸೋಫೈ ಸ್ಟೇಡಿಯಂನಲ್ಲೇ ಇದ್ದಿದ್ದರೆ ದಯವಿಟ್ಟು ಬರೆದು ಕಳಿಸಿ. ಎರಡು ಪುಟ ಕೊಡುತ್ತೇನೆ.