ಎಂಡರ್ಸ್ ಗೇಮ್ ಆಯ್ತು, ಮುಂದೆ ಯಾವುದು?

ಸರ್, ಎಂಟನೇ ಕ್ಲಾಸಿನ ಮಗಳು ಆರ್ಸನ್ ಸ್ಕಾಟ್ ಕಾರ್ಡ್ ಬರೆದ ವೈಜ್ಞಾನಿಕ ಕಾದಂಬರಿ 'ಎಂಡರ್ಸ್ ಗೇಮ್' ಎರಡು ಸಲ ಓದಿದ್ದಾಳೆ, ಅದರ ಮುಂದಿನ ಭಾಗ 'ಸ್ಪೀಕರ್ ಫಾರ್ ದಿ ಡೆಡ್' ತಂದುಕೊಟ್ಟರೆ ಇಪ್ಪತ್ತು ಪುಟಕ್ಕೇ ಮಡಚಿಟ್ಟಳು ಅಂದಿದ್ದೀರಿ. ಆಗೋದೇ ಹಾಗೆ. 1986ರ ಆ ಕಾದಂಬರಿ ನಡೆಯೋದು ಮೂರು ಸಾವಿರ ವರ್ಷ ಆದಮೇಲೆ. ಮೊದಲ ಪುಸ್ತಕದ ಶುರುವಲ್ಲಿ ಆರು ವರ್ಷದವನಿದ್ದ ನಾಯಕ ಎಂಡರ್, ಬೆಳಕಿನ ವೇಗದ ಹತ್ತಿರ ಪಯಣಿಸಿದ್ದರಿಂದ, ಅಲ್ಲಿ ಇನ್ನೂ ಮೂವತ್ತು ದಾಟಿದ ಗಂಡಸು. ನಾಲಿಗೆ ಹೊರಳದ ಪೋರ್ಚುಗೀಸ್ ಹೆಸರುಗಳು ಬೇರೆ. ಪಿಯುಸಿಗೆ ಎತ್ತಿಡಿ.

ಈಗ 'ಎಂಡರ್ಸ್ ಶಾಡೋ' (1999) ಕೊಡಿ. ಚಿಂತಾಮಣಿಯಲ್ಲಿ ಸಿಗದಿದ್ದರೆ ಬೆಂಗಳೂರಿಗೆ ಹೋದಾಗ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಹುಡುಕಿ. ಮಕ್ಕಳನ್ನ ಯುದ್ಧಕ್ಕೆ ತಯಾರು ಮಾಡೋ ಬಾಹ್ಯಾಕಾಶದ ಅದೇ ಬ್ಯಾಟಲ್ ಸ್ಕೂಲು, ಅದೇ ಕಾಲ, ಆದರೆ ಬೀನ್ ಅನ್ನೋ ಪುಟ್ಟ ಹುಡುಗನ ಕಣ್ಣಲ್ಲಿ. ಶುರುವಿನ ರಾಟರ್‌ಡ್ಯಾಮ್ ಬೀದಿಯ ಭಾಗದಲ್ಲಿ ಹಸಿವು, ಮಕ್ಕಳ ನಡುವೆಯೇ ಕೊಲೆ ಇದೆ. ಮೊದಲು ನೀವೊಮ್ಮೆ ಕಣ್ಣಾಡಿಸಿ.

ಅಷ್ಟರಲ್ಲಿ 'ಎಂಡರ್ಸ್ ಗೇಮ್' ಅನ್ನೇ ಮೂರನೇ ಸಲ ಹಿಡಿದರೆ ತಡೀಬೇಡಿ. ಅಧ್ಯಾಯದ ತಲೆಯಲ್ಲಿ ಹೆಸರಿಲ್ಲದ ಇಬ್ಬರ ಮಾತು ಬರುತ್ತಲ್ಲ, ಮಕ್ಕಳು ಅದನ್ನ ಹಾರಿಸಿಬಿಡ್ತಾರೆ. ಅವಷ್ಟನ್ನೇ ಸಾಲಾಗಿ ಓದಿಸಿ: ಎಂಡರ್‌ನನ್ನ ಬೇಕಂತಲೇ ಒಂಟಿ ಮಾಡ್ತಿರೋದು ಶಾಲೆಯ ಅಧಿಕಾರಿಗಳೇ ಅಂತ ಗೊತ್ತಾಗುತ್ತೆ.

ಆ ಶಾಲೆಯ ತೂಕವಿಲ್ಲದ ಕೋಣೆಯಲ್ಲಿ ಮಕ್ಕಳು ಆಡೋ ಅಣಕು ಕಾಳಗ ಅರ್ಥ ಮಾಡಿಸೋಕೆ ಒಂದು ಗೊಂಬೆ ಸಾಕು. ಎದುರಾಳಿಯ ಬಾಗಿಲೇ 'ಕೆಳಗೆ' ಅಂದುಕೊಂಡು ಕಾಲು ಮುಂದೆ ಮಾಡಿ ತೇಲಿಸಿ. ಎದುರಿನಿಂದ ನೋಡಿದರೆ ಗುರಿ ಎಷ್ಟು ಚಿಕ್ಕದು ಅಂತ ಅವಳಿಗೇ ಕಾಣುತ್ತೆ. ಎದುರಾಳಿಯ ಬಂದೂಕಿನ ಬೆಳಕು ತಗುಲಿದರೆ ಉಡುಪು ಸೆಟೆದುಕೊಳ್ಳುತ್ತೆ; ಹಾಗೆ ಸೆಟೆದ ಕಾಲೇ ಗುರಾಣಿ.

2013ರ ಸಿನಿಮಾ ಸದ್ಯಕ್ಕೆ ಬೇಡ. ವರ್ಷಗಟ್ಟಲೆ ತರಬೇತಿಯನ್ನ ಒಂದೇ ಓಟದಲ್ಲಿ ಮುಗಿಸಿಬಿಡುತ್ತೆ.