ದುಬೈನಲ್ಲಿ ದಶಕಗಟ್ಟಲೆ ಇದ್ದವರಿಗೆ ಅದು ಸ್ವಂತ ಊರು ಎನಿಸುತ್ತದೆಯೇ?

ಎನಿಸುತ್ತದೆ, ಆದರೆ ಅಲ್ಲೇ ನೆಲೆ ನಿಂತೆವೆಂಬ ಧೈರ್ಯ ಮಾತ್ರ ಸುಲಭವಾಗಿ ಬರುವುದಿಲ್ಲ. ಇದಕ್ಕೆ ಮನಸ್ಸಿಗಿಂತ ಕಾನೂನೇ ಹೆಚ್ಚು ಕಾರಣವೆಂದು ನನ್ನ ಅಭಿಪ್ರಾಯ. ಯುಎಇಯಲ್ಲಿ ಬಹುಪಾಲು ವಿದೇಶಿಯರ ವಾಸದ ವೀಸಾ ಉದ್ಯೋಗಕ್ಕೆ ಅಂಟಿಕೊಂಡಿರುವುದರಿಂದ, ಮೂವತ್ತು ವರ್ಷ ದುಡಿದವರೂ ಕೆಲಸ ಹೋದರೆ ನಿಗದಿತ ಅವಧಿಯೊಳಗೆ ಬೇರೆ ದಾರಿ ಹುಡುಕಿಕೊಳ್ಳಬೇಕು, ಇಲ್ಲವೇ ಗಂಟುಮೂಟೆ ಕಟ್ಟಬೇಕು. 2019ರಲ್ಲಿ ಬಂದ, ಉದ್ಯೋಗದಾತರ ಹಂಗಿಲ್ಲದೆ ದೀರ್ಘಕಾಲ ಇರಬಹುದಾದ ಗೋಲ್ಡನ್ ವೀಸಾ ಈ ಆತಂಕವನ್ನು ತಗ್ಗಿಸಿದೆಯಾದರೂ ಅದು ಮುಖ್ಯವಾಗಿ ಹೂಡಿಕೆದಾರರಿಗೆ, ತಜ್ಞರಿಗೆ ಮತ್ತು ಪ್ರತಿಭಾವಂತರಿಗೆ ಸಿಗುವಂಥದ್ದು. ಪೌರತ್ವವಂತೂ 2021ರ ತಿದ್ದುಪಡಿಯ ಬಳಿಕವೂ ನಾಮನಿರ್ದೇಶನಗೊಂಡ ಕೆಲವರಿಗಷ್ಟೇ.

ಕರಾವಳಿಯ ಕುಟುಂಬಗಳ ಮನೆಯೊಳಗೆ ಇದು ಕಣ್ಣಿಗೆ ಕಾಣುತ್ತದೆ. ಅಡುಗೆಮನೆಯಲ್ಲಿ ಕುಚ್ಚಲಕ್ಕಿ, ಫ್ರೀಜರಿನಲ್ಲಿ ಊರಿನಿಂದ ತಂದ ಪತ್ರೊಡೆ, ಕಪಾಟಿನ ಮೇಲೆ ಎಂದೂ ಅಟ್ಟಕ್ಕೇರದ ದೊಡ್ಡ ಸೂಟ್‌ಕೇಸು. ಗಳಿಸಿದ ಹಣದಲ್ಲಿ ಉಡುಪಿಯಲ್ಲೋ ಮಂಗಳೂರಿನಲ್ಲೋ ಮನೆ ಕಟ್ಟಿಸಿರುತ್ತಾರೆ, ಅದಕ್ಕೆ ಬೀಗ ಬಿದ್ದಿರುತ್ತದೆ. (ವರ್ಷಕ್ಕೊಮ್ಮೆ ಹೋದಾಗ ಮೊದಲ ಎರಡು ದಿನ ಧೂಳು ಹೊಡೆಯುವುದರಲ್ಲೇ ಕಳೆಯುತ್ತದೆ.)

ಮಕ್ಕಳ ಮಾತು ಬೇರೆ. ಅಲ್ಲೇ ಹುಟ್ಟಿ, ಭಾರತೀಯ ಪಠ್ಯಕ್ರಮದ ಶಾಲೆಯಲ್ಲಿ ಓದಿ, ಕಾಲೇಜಿಗೆಂದು ಮಣಿಪಾಲಕ್ಕೆ ಬಂದವರಿಗೆ ‘ಊರು’ ಎಂದರೆ ದುಬೈ. ಪಾಸ್‌ಪೋರ್ಟು ಮಾತ್ರ ಭಾರತದ್ದು. ಹಿರಿಯರು ಎರಡು ಊರುಗಳ ನಡುವೆ ಆಯ್ಕೆ ಮಾಡಬೇಕಾದರೆ, ಈ ಮಕ್ಕಳು ತಮ್ಮದೆಂದು ತಿಳಿದ ಒಂದೇ ಊರಿಗೂ ಬೆಳೆದ ಮೇಲೆ ವೀಸಾ ಪಡೆದೇ ಮರಳಬೇಕಾಗುತ್ತದೆ.